ಬಿ ರಿಪೋರ್ಟ್ ನೋಟಿಸ್ ಹಿಡಿದು ಹೋದ ವಕೀಲರ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ವಕೀಲರ ಹೆಸರು ಹಾಕುವುದಿಲ್ಲ. ಹಾಕಲಾ ಅಂತ ಅವರನ್ನೇ ಕೇಳಿದ್ದೆ. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ, ನೀವು ಹೊಗಳಿ ಬರೆದರೆ ನಾನೇ ಬರೆಸಿದೆ ಅಂತಾರೆ ಎಂದು ನಕ್ಕರು. ಹಾಗಾಗಿ ಇಷ್ಟೇ: ದಾವಣಗೆರೆ, ಕೋರ್ಟಿಂದ ನಡೆದುಹೋಗುವಷ್ಟು ದೂರ, ಕೆಳಗೆ ಜೆರಾಕ್ಸ್ ಅಂಗಡಿ, ಮಹಡಿ ಮೇಲೆ ಆಫೀಸು. ಇಂಥ ಆಫೀಸು ಅಲ್ಲಿ ಎಷ್ಟೋ ಇವೆ, ಹುಡುಕೋಕೆ ಹೋಗಬೇಡಿ. ಬರೆಯುತ್ತಿರುವುದು ಯಾಕೆ ಅಂದರೆ, ಬಿ ರಿಪೋರ್ಟ್ (ಕೇಸು ನಡೆಸುವಂಥದ್ದು ಏನೂ ಇಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ) ಅಂತ ಒಂದು ನೋಟಿಸ್ ಮನೆಗೆ ಬಂದಾಗ ನಮಗೆ ಅದರ ತಲೆ ಬುಡ ಗೊತ್ತಿರಲಿಲ್ಲ. ಗೊತ್ತಿದೆ ಅಂದವರು ಹೇಳಿದ್ದೂ ತಪ್ಪಾಗಿತ್ತು.

ಕಥೆ ಹೀಗೆ. ನಮ್ಮಪ್ಪ ಜಗಳೂರು ಕಡೆಯ ರೈತ. ನಾನು ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. 2024ರ ನವೆಂಬರಲ್ಲಿ ಅಪ್ಪ ಎರಡು ಟ್ರ್ಯಾಕ್ಟರ್ ಮೆಕ್ಕೆಜೋಳ ತಂದು ದಾವಣಗೆರೆಯಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿಗೆ ಹಾಕಿದ. ಒಟ್ಟು 84 ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ 2,225 ರೂಪಾಯಿ. ಈ ಮನುಷ್ಯ 2,300 ಕೊಡ್ತೀನಿ ಅಂದ. ದಲ್ಲಾಳಿ ಕಮಿಷನ್ ಇಲ್ಲ, ಮಂಡಿಯಲ್ಲಿ ಕಾಯೋ ಗೋಜಿಲ್ಲ, ಅಪ್ಪನಿಗೆ ಖುಷಿಯೋ ಖುಷಿ. ಮೂವತ್ತು ಸಾವಿರ ಕೈಗೆ ಕೊಟ್ಟ, ಉಳಿದ 1,63,200 ವಾರದೊಳಗೆ ಅಂದ. ಹನ್ನೆರಡನೇ ದಿನ ಹೋಗಿ ನೋಡಿದರೆ ಗೋದಾಮಿಗೆ ಬೀಗ. ಫೋನ್ ಸ್ವಿಚ್ ಆಫ್. ಬಾಗಿಲ ಮುಂದೆ ಅಪ್ಪನ ತರಾನೇ ಇನ್ನೂ ಐದಾರು ಜನ ರೈತರು ನಿಂತಿದ್ದರು.

ಸ್ಟೇಷನ್‌ಗೆ ಎಷ್ಟು ಸಲ ಅಲೆದೆವು ಅಂತ ಬರೆದರೆ ಅದೇ ಒಂದು ರಿವ್ಯೂ ಆಗುತ್ತೆ, ಬಿಡಿ. 2025ರ ಜನವರಿಯಲ್ಲಿ ಎಫ್‌ಐಆರ್ ಆಯಿತು, ವಂಚನೆ ಅಂತ. ಆಮೇಲೆ ಏಳು ತಿಂಗಳು ಸದ್ದೇ ಇಲ್ಲ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಫೋನಿಗೆ ಮೆಸೇಜ್ ಮಾಡಿದರೂ ನಡೆಯುತ್ತೆ ಅಂತ ಹೊಸ ಕಾಯ್ದೆಯಲ್ಲೇ ಇದೆಯಂತೆ. ನಮಗೆ ಒಂದು ಮಿಸ್ಡ್ ಕಾಲ್ ಕೂಡ ಬರಲಿಲ್ಲ. ಆಗಸ್ಟಲ್ಲಿ ಒಬ್ಬ ಕಾನ್ಸ್‌ಟೇಬಲ್ ಊರಿಗೇ ಬಂದು, ಕಟ್ಟೆ ಮೇಲೆ ಕೂತಿದ್ದ ಅಪ್ಪನ ಕೈಯಲ್ಲಿ ಸಹಿ ಮಾಡಿಸಿಕೊಂಡು ನೋಟಿಸ್ ಕೊಟ್ಟು ಹೋದ. ಪೊಲೀಸರು ಬಿ ಅಂತಿಮ ವರದಿ ಸಲ್ಲಿಸಿದ್ದಾರೆ, ನಿಮ್ಮ ತಕರಾರು ಇದ್ದರೆ ಇಂಥ ತಾರೀಖು ಕೋರ್ಟಿಗೆ ಹಾಜರಾಗಿ. ಅಷ್ಟೇ ಒಕ್ಕಣೆ.

ಅಪ್ಪ ರಾತ್ರಿ ಫೋನ್ ಮಾಡಿದ. "ಮುಗೀತಲೋ. ಅವ್ನು ಗೆದ್ದ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವನೇ, "ಸುಳ್ಳು ಕೇಸ್ ಹಾಕಿದೆ ಅಂತ ನನ್ ಮೇಲೇ ತಿರುಗಿಸ್ತಾರಂತೆ, ಹೌದೇನು?" ಊರಲ್ಲಿ ಯಾರೋ ಹಾಗಂತ ಹೆದರಿಸಿದ್ದರು.

ಮೊದಲು ಹೋಗಿದ್ದು ಈ ಆಫೀಸಿಗಲ್ಲ. ನನ್ನ ಅಂಗಡಿಗೆ ಬರುವ ಒಬ್ಬರು ಹೇಳಿದರು ಅಂತ ಬೇರೆ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ನೋಟಿಸಿನ ಮೇಲಿನ ಎರಡು ಸಾಲು ಓದಿ, "ಇದು ಇಲ್ಲಿ ಮುಗಿದ ಕೇಸು, ಹೈಕೋರ್ಟಿಗೇ ಹಾಕಬೇಕು, ಸದ್ಯಕ್ಕೆ ಇಪ್ಪತ್ತೈದು ಸಾವಿರ ಕೊಡಿ" ಅಂದರು. ಅಪ್ಪ ಜೇಬಿಗೆ ಕೈ ಹಾಕಿಯೇಬಿಟ್ಟಿದ್ದ. ಎಟಿಎಂಗೆ ಹೋಗಿ ಬರ್ತೀವಿ ಅಂತ ಸುಳ್ಳು ಹೇಳಿ ಕರೆದುಕೊಂಡು ಬಂದೆ. ಹೊರಗೆ ಬಂದು ಗಾಡಿ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಾಗ, ಜೆರಾಕ್ಸ್ ಅಂಗಡಿ ಹುಡುಗ ನೋಟಿಸ್ ನೋಡಿ "ಮೇಲೆ ಮೇಡಂ ಇದಾರೆ, ಕೇಳಿ ನೋಡ್ರಿ" ಅಂದ. ಹೀಗೆ ಸಿಕ್ಕಿದ್ದು ಈ ಆಫೀಸು. ಶಿಫಾರಸು ಅಂದರೆ ಆ ಹುಡುಗನದ್ದೇ.

ಒಳಗೆ ಒಂದು ಉದ್ದ ಬೆಂಚು, ಕಿರ್ ಅನ್ನೋ ಫ್ಯಾನು, ಗೋಡೆ ತುಂಬ ಕೆಂಪು ದಾರ ಕಟ್ಟಿದ ಫೈಲು. ಬಾಗಿಲ ಪಕ್ಕದಲ್ಲೇ ಗುಮಾಸ್ತರು. ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. "ಯಜಮಾನ್ರೇ, ನೋಟಿಸ್ ಕೊಡ್ರಿ ಇಲ್ಲಿ" ಅಂದು ಮೊದಲು ನೋಡಿದ್ದೇ ತಾರೀಖು. ಇನ್ನೂ ಹನ್ನೊಂದು ದಿನ ಇದೆ, ಕೂತ್ಕೊಳ್ರಿ ಅಂದರು. ಡೈರಿಯಲ್ಲಿ ಕೆಂಪು ಪೆನ್ನಲ್ಲಿ ಬರೆದುಕೊಂಡರು. ನಾವು ಇನ್ನೂ ಕೇಸು ಕೊಡುತ್ತೇವೆ ಅಂತ ಹೇಳೇ ಇರಲಿಲ್ಲ!

ಮೇಡಂ ಬಂದಿದ್ದು ಏಳು ಗಂಟೆಗೆ. ಬೋರ್ಡಿನಲ್ಲಿ ಆರು ಅಂತ ಇದೆ. ಇದು ಪ್ರತಿ ಸಲದ ಕಥೆ, ಅರ್ಧ ಸ್ಟಾರ್ ಇಲ್ಲೇ ಹೋಯಿತು. ಆದರೆ ಕೂತ ಮೇಲೆ ಪೂರ್ತಿ ಅರ್ಧ ಗಂಟೆ ಫೋನ್ ಮುಟ್ಟಲಿಲ್ಲ. ಅಪ್ಪ ಇಡೀ ಕಥೆ ಹೇಳಿದ, ಬಿತ್ತನೆಯಿಂದ ಶುರು ಮಾಡಿ. ತಡೆಯಲಿಲ್ಲ ಅವರು.

ಆಮೇಲೆ ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ, ಯಾಕೆಂದರೆ ಐನೂರು ರೂಪಾಯಿ ಫೀಸಿಗೆ ಸಿಕ್ಕಿದ ನಿಜವಾದ ಮಾಲು ಇದೇ.

ಬಿ ರಿಪೋರ್ಟ್ ಅಂದರೆ ತೀರ್ಪಲ್ಲ. ತನಿಖೆ ಮಾಡಿದ ಪೊಲೀಸರ ಅಭಿಪ್ರಾಯ. ಕೇಸು ನಡೆಸುವಂಥದ್ದು ನಮಗೆ ಕಾಣಲಿಲ್ಲ ಅಂತ ಅವರು ಕೋರ್ಟಿಗೆ ಬರೆದು ಕೊಡೋದು. ಕಳ್ಳತನ ಆಗಿರೋದು ನಿಜ, ಕಳ್ಳ ಸಿಗಲಿಲ್ಲ ಅಂದರೆ ಅದು ಸಿ ರಿಪೋರ್ಟ್, ಬೇರೆ. ಬಿ ರಿಪೋರ್ಟ್ ಬಂದ ಕೂಡಲೇ ಫೈಲ್ ಮುಚ್ಚುವ ಹಾಗಿಲ್ಲ. ದೂರು ಕೊಟ್ಟವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅಪ್ಪ ಸೋತೆ ಅಂತ ತಿಳಿದಿದ್ದ ಆ ಕಾಗದ ಬಂದಿದ್ದೇ ಅದಕ್ಕೆ, ನೀನೇನು ಹೇಳ್ತೀಯಪ್ಪ ಅಂತ ಕೇಳೋಕೆ.

ಮ್ಯಾಜಿಸ್ಟ್ರೇಟ್ ಮುಂದೆ ಮೂರು ದಾರಿ. ವರದಿ ಒಪ್ಪಿ ಕೇಸು ಮುಗಿಸಬಹುದು. ಇನ್ನೂ ತನಿಖೆ ಮಾಡಿ ಅಂತ ವಾಪಸ್ ಕಳಿಸಬಹುದು. ಇಲ್ಲವೇ ವರದಿ ತಳ್ಳಿಹಾಕಿ ತಾವೇ ಕೇಸು ಕೈಗೆತ್ತಿಕೊಳ್ಳಬಹುದು.

ಅಪ್ಪ ಕೇಳಿದ, "ಅಲ್ರವ್ವಾ, ಜಡ್ಜ್ ಸಾಹೇಬ್ರು ಪೊಲೀಸ್ರಿಗೆ ಚಾರ್ಜ್‌ಶೀಟ್ ಹಾಕ್ರೋ ಅಂತ ಗದರಿಸಬಹುದಲ್ಲ?"

"ಇಲ್ಲ ಯಜಮಾನ್ರೇ. ಇನ್ನೊಂದ್ಸಲ ಹುಡುಕ್ರಿ ಅನ್ನಬಹುದು. ಹುಡುಕಿ ಇದನ್ನೇ ಬರೀರಿ ಅನ್ನಂಗಿಲ್ಲ. ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದಾಗಿಂದ ಹಂಗೇ ಇದೆ. ಅವರ ಅಭಿಪ್ರಾಯ ಅವರದ್ದು, ಕೋರ್ಟಿನ ಅಭಿಪ್ರಾಯ ಕೋರ್ಟಿಂದು."

ಸುಳ್ಳು ಕೇಸ್ ಭಯದ ಬಗ್ಗೆಯೂ ಕೇಳಿದೆವು. ಬಿ ರಿಪೋರ್ಟ್ ಆದ ಮಾತ್ರಕ್ಕೆ ದೂರು ಸುಳ್ಳು ಅಂತ ಆಗೋದಿಲ್ಲ, ಯಾವ ಕಾರಣ ಬರೆದಿದ್ದಾರೆ ಅನ್ನೋದು ಮುಖ್ಯ ಅಂದರು. ಸುಳ್ಳು ದೂರು ಅಂತ ಬರೆಯೋದು ಬೇರೆ, ಸಾಕ್ಷಿ ಸಾಲದು ಅನ್ನೋದು ಬೇರೆ, ಇದು ಸಿವಿಲ್ ಸ್ವರೂಪದ ವ್ಯವಹಾರ ಅನ್ನೋದು ಇನ್ನೂ ಬೇರೆ. "ನಿಮ್ಮದರಲ್ಲಿ ಏನಿದೆ ಅಂತ ಕಾಪಿ ಓದದೆ ಹೇಳಲ್ಲ" ಅಂದು, ಕೋರ್ಟಿನಿಂದ ನಕಲು ತೆಗೆಸೋಕೆ ಅರ್ಜಿಗೆ ಸಹಿ ಮಾಡಿಸಿಕೊಂಡರು. ಹೈಕೋರ್ಟ್ ಮಾತು ಎತ್ತಿದ್ದಕ್ಕೆ, ಇಲ್ಲಿ ಇನ್ನೂ ಶುರುವೇ ಆಗಿಲ್ಲವಲ್ಲ ಅಂದರು. ಇನ್ನೊಬ್ಬರ ಹೆಸರು ಕೇಳಲೂ ಇಲ್ಲ, ಬೈಯಲೂ ಇಲ್ಲ. ಇದು ನನಗೆ ಹಿಡಿಸಿತು.

ನಾಲ್ಕು ದಿನ ಬಿಟ್ಟು ಕಾಪಿ ಬಂತು. ನಾವು ಅಂದುಕೊಂಡ ಹಾಗೇ, "ಹಣಕಾಸಿನ ವ್ಯವಹಾರ, ಸಿವಿಲ್ ಸ್ವರೂಪದ್ದು" ಅಂತ ಇತ್ತು. ಅವತ್ತು ಕಲಿತಿದ್ದು: ಮಾಲು ತಗೊಂಡು ದುಡ್ಡು ಕೊಡದೇ ಇದ್ದ ಮಾತ್ರಕ್ಕೆ ಅದು ವಂಚನೆ ಅಪರಾಧ ಆಗೋದಿಲ್ಲ. ನಷ್ಟ ಆಗಿ ಕೊಡೋಕೆ ಆಗಲಿಲ್ಲ ಅಂತಲೂ ಇರಬಹುದು. ಮಾಲು ತಗೊಳ್ಳುವ ಹೊತ್ತಿಗೇ ಕೊಡುವ ಮನಸ್ಸು ಇರಲಿಲ್ಲ ಅಂತ ಕಾಣಬೇಕು. ಇಡೀ ಕೇಸು ನಿಂತಿರೋದು ಈ ಒಂದು ಕೂದಲೆಳೆ ಮೇಲೆ. ಕೇಳಿ ಅಪ್ಪನಿಗೆ ಸಿಟ್ಟು ಬಂತು. ಮೋಸ ಮೋಸಾನೇ ಅಲ್ವಾ ಅಂತ ಅವನ ವಾದ. ನನಗೂ ಆಗ ಹಾಗೇ ಅನ್ನಿಸಿತ್ತು, ಆದರೆ ಅಂಗಡಿಯಲ್ಲಿ ಎಷ್ಟು ಜನ ನನಗೆ ಉದ್ರಿ ಇಟ್ಟಿದ್ದಾರೆ ಅಂತ ಲೆಕ್ಕ ಹಾಕಿದರೆ, ಅವರೆಲ್ಲ ಜೈಲಿಗೆ ಹೋಗಬೇಕಾ ಅಂತ ಯೋಚನೆ ಬಂದು ಸುಮ್ಮನಾದೆ.

ಮೇಡಂ ಕಾಪಿಯನ್ನು ಪೆನ್ಸಿಲ್ ಹಿಡಿದು ಸಾಲು ಸಾಲು ಓದಿದರು. ಪೊಲೀಸರು ಹೇಳಿಕೆ ತಗೊಂಡಿದ್ದು ಇಬ್ಬರದ್ದು ಮಾತ್ರ, ಅಪ್ಪ ಮತ್ತು ಟ್ರ್ಯಾಕ್ಟರ್ ಡ್ರೈವರ್. ಗೋದಾಮಿನ ಮಾಲೀಕರನ್ನು ಕೇಳಿಲ್ಲ. ಅವತ್ತು ಬೀಗದ ಮುಂದೆ ನಿಂತಿದ್ದ ಬೇರೆ ರೈತರನ್ನು ಕೇಳಿಲ್ಲ. "ಗೋದಾಮು ಬಾಡಿಗೆದಾ? ಯಾವತ್ತು ಖಾಲಿ ಮಾಡ್ತೀನಿ ಅಂದಿದ್ನಂತೆ?" ಅಂತ ಕೇಳಿದರು. ಅಪ್ಪ ಸಲೀಸಾಗಿ, "ಅವ್ನಾ? ದೀಪಾವಳಿಗೂ ಮುಂಚೇನೇ ಹೇಳಿದ್ನಂತೆ, ತಿಂಗ್ಳ ಕೊನೆಗೆ ಬಿಡ್ತೀನಿ ಅಂತ. ಓನರ್ರೇ ಹೇಳಿದ್ರು" ಅಂದ. ಮೇಡಂ ಪೆನ್ಸಿಲ್ ಕೆಳಗಿಟ್ಟರು.

ಅಂದರೆ ನಮ್ಮ ಜೋಳ ತಗೊಳ್ಳೋ ಮುಂಚೇನೇ ಅಂಗಡಿ ಎತ್ತುವ ಲೆಕ್ಕ ಆಗಿತ್ತು. ಹತ್ತು ತಿಂಗಳಲ್ಲಿ ಅಪ್ಪ ಈ ಮಾತು ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ಯಾರೂ ಕೇಳ್ಲಿಲ್ಲ".

ಇನ್ನು ತೂಕದ ಚೀಟಿ ವಿಷಯ. ವೇ ಬ್ರಿಡ್ಜ್‌ನಲ್ಲಿ ಕೊಟ್ಟ ಎರಡು ಚೀಟಿ ಅಪ್ಪನ ಹತ್ತಿರ ಇದ್ದವು, ಎಲೆ ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿ ಜೊತೆ. ಎಟಿಎಂ ಚೀಟಿ ತರದ ನುಣುಪು ಕಾಗದ. ತೆಗೆದು ಮೇಜಿನ ಮೇಲೆ ಇಟ್ಟರೆ ಒಂದರಲ್ಲಿ ಅಕ್ಷರ ಪೂರ್ತಿ ಮಾಸಿ ಬರೀ ಬಿಳಿ, ಮೂಲೆಯಲ್ಲಿ ಸುಣ್ಣದ ಬೆರಳಚ್ಚು. ಇನ್ನೊಂದರಲ್ಲಿ ಗಾಡಿ ನಂಬರು ಮತ್ತು ತೂಕದ ಮೊದಲ ಎರಡು ಅಂಕಿ ಮಾತ್ರ ಕಾಣುತ್ತಿತ್ತು. ಗುಮಾಸ್ತರು ಎದ್ದು ಬಂದು, ಚೀಟಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಓರೆ ಮಾಡಿ, ಒಂದೊಂದೇ ಅಂಕಿ ಜೋರಾಗಿ ಓದಿದರು. ನಾನು ಬರೆದುಕೊಂಡೆ. ಆಮೇಲೆ ಅವರೇ ಕೆಳಗಿನ ಹುಡುಗನನ್ನು ಕೂಗಿ, ಜೆರಾಕ್ಸ್ ಮಿಷನ್ನಲ್ಲಿ ಕಪ್ಪು ಜಾಸ್ತಿ ಇಟ್ಟು ನಾಲ್ಕು ಪ್ರತಿ ತೆಗೆಸಿದರು. ಮಾಸಿದ ಚೀಟಿಗೆ ವೇ ಬ್ರಿಡ್ಜ್‌ನ ಕಂಪ್ಯೂಟರಲ್ಲಿ ದಾಖಲೆ ಇರುತ್ತೆ, ತಾರೀಖು ಗಾಡಿ ನಂಬರು ಹೇಳಿ ಇನ್ನೊಂದು ಪ್ರಿಂಟ್ ಕೇಳಿ ಅಂದರು. ಮಾರನೇ ದಿನ ಹೋದೆ, ಸಿಕ್ಕಿತು. ಐದಾರು ಎಫ್‌ಐಆರ್ ಕಂಡವರಿಗಷ್ಟೇ ಹೊಳೆಯುವ ಮಾತಿದು, ಗುಮಾಸ್ತರಿಗೆ ಬೇರೆ ರಿವ್ಯೂ ಬರೆಯುವ ಹಾಗಿದ್ದರೆ ಐದೂ ಸ್ಟಾರ್ ಕೊಡುತ್ತಿದ್ದೆ.

ತಕರಾರು ಅರ್ಜಿಗೆ, ಅಂದರೆ ಎಲ್ಲರೂ ಪ್ರೊಟೆಸ್ಟ್ ಪಿಟಿಷನ್ ಅನ್ನುತ್ತಾರಲ್ಲ ಅದಕ್ಕೆ, ಆರು ಸಾವಿರ ತಗೊಂಡರು. ಟೈಪಿಂಗ್, ನಕಲು ಎಲ್ಲ ಸೇರಿ. ಬರೀ "ಪೊಲೀಸರು ಸರಿಯಾಗಿ ತನಿಖೆ ಮಾಡಿಲ್ಲ, ನಮಗೆ ಅನ್ಯಾಯ ಆಗಿದೆ" ಅಂತ ಎರಡು ಪುಟ ಬರೆದು ಹಾಕುವವರೂ ಇದ್ದಾರಂತೆ. ಅದು ಸಾಲದು. ಆ ಅರ್ಜಿಯನ್ನೇ ಕೋರ್ಟ್ ಖಾಸಗಿ ದೂರಾಗಿ, ಅಂದರೆ ನಾವೇ ನೇರವಾಗಿ ಕೋರ್ಟಿಗೆ ಕೊಟ್ಟ ದೂರಾಗಿ ನೋಡಬೇಕಾದರೆ ಅದು ದೂರಿನ ತರಾನೇ ಇರಬೇಕು: ಏನಾಯಿತು, ಯಾವತ್ತು, ಯಾರು ಏನು ಮಾಡಿದರು, ಸಾಕ್ಷಿಗಳು ಯಾರು, ಯಾವ ಕಾಗದ ಇದೆ. ಇದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ ಅಂತ ತೋರಿಸಿದರು. ನಮ್ಮ ಅರ್ಜಿ ಒಂಬತ್ತು ಪುಟ ಆಯಿತು. ಗೋದಾಮಿನ ಮಾಲೀಕರು, ಇನ್ನೂ ಮೂವರು ರೈತರು ಸಾಕ್ಷಿ ಪಟ್ಟಿಯಲ್ಲಿ.

ಉಳಿದ ಅರ್ಧ ಸ್ಟಾರ್ ಹೋಗಿದ್ದು ಇಲ್ಲಿ. ಮೊದಲ ಡ್ರಾಫ್ಟಲ್ಲಿ ನಮ್ಮ ಊರಿನ ಹೆಸರೇ ತಪ್ಪು. ಯಾವುದೋ ಹಳೇ ಕೇಸಿನ ಫೈಲ್ ಮೇಲೆ ಟೈಪ್ ಮಾಡಿದ್ದು ಗೊತ್ತಾಗುತ್ತಿತ್ತು, ಒಂದು ಕಡೆ ಮೆಕ್ಕೆಜೋಳದ ಬದಲು "ಸದರಿ ಶೇಂಗಾ" ಅಂತ ಉಳಿದಿತ್ತು. ನಾನು ಓದದೆ ಇದ್ದಿದ್ದರೆ ಹಾಗೇ ಹೋಗುತ್ತಿತ್ತು. ಜೂನಿಯರ್ ಹುಡುಗ ಸಾರಿ ಕೇಳಿದ, ಮೇಡಂ ಅವನ ಕಡೆ ನೋಡಿದ ನೋಟ ನೋಡಿ ನನಗೇ ಪಾಪ ಅನ್ನಿಸಿತು. ಆದರೂ ಹೇಳುತ್ತೇನೆ, ಯಾವ ವಕೀಲರೇ ಆಗಲಿ, ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಕನ್ನಡದಲ್ಲೇ ಕೊಡಿ ಅಂತ ಕೇಳಿ, ಕೊಡುತ್ತಾರೆ.

ಗೆಲ್ತೀವಾ ಅಂತ ಅಪ್ಪ ಎರಡು ಮೂರು ಸಲ ಕೇಳಿದ. ಒಂದು ಸಲವೂ ಹೌದು ಅನ್ನಲಿಲ್ಲ ಮೇಡಂ. ಅರ್ಜಿ ಹಾಕಿದ ಮಾತ್ರಕ್ಕೆ ಕೋರ್ಟ್ ಒಪ್ಪಲೇಬೇಕು ಅಂತಿಲ್ಲ. ಒಪ್ಪಿದರೂ ಆಮೇಲೆ ಪ್ರಮಾಣ ಮಾಡಿ ಹೇಳಿಕೆ, ಸಾಕ್ಷಿ. ಹೊಸ ಕಾಯ್ದೆ, ಅಂದರೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ, ಖಾಸಗಿ ದೂರನ್ನು ಕೋರ್ಟ್ ಕೈಗೆತ್ತಿಕೊಳ್ಳುವ ಮುಂಚೆ ಆ ಕಡೆಯವನಿಗೂ ಮಾತಾಡೋಕೆ ಅವಕಾಶ ಕೊಡಬೇಕು. ಹಳೇ ಕಾಯ್ದೆಯಲ್ಲಿ ಈ ಹಂತದಲ್ಲಿ ಅದು ಇರಲಿಲ್ಲ. ಮೊದಲು ಬಿ ರಿಪೋರ್ಟ್ ತಳ್ಳಿಹಾಕಿ ಆದೇಶ ಆಗಬೇಕು, ಆಮೇಲೇ ಹೇಳಿಕೆ ತಗೊಳ್ಳೋದು, ನಮ್ಮ ಹೈಕೋರ್ಟ್ 2018ರಲ್ಲಿ ಈ ಕ್ರಮ ಹಾಕಿಕೊಟ್ಟಿದೆ, ಆತುರದಲ್ಲಿ ಒಂದು ಮೆಟ್ಟಿಲು ಹಾರಿದರೆ ಅವನು ಬೆಂಗಳೂರಿಗೆ ಹೋಗಿ ರದ್ದು ಮಾಡಿಸಿಕೊಂಡು ಬರ್ತಾನೆ ಅಂದರು.

ದುಡ್ಡಿನ ಮಾತು ಬೇರೆಯೇ. ಕ್ರಿಮಿನಲ್ ಕೇಸು ಗೆದ್ದರೂ 1,63,200 ತಾನಾಗಿ ಮನೆಗೆ ಬರೋದಿಲ್ಲ. ಅದಕ್ಕೆ ಸಿವಿಲ್ ದಾವೆ ಹಾಕಬೇಕು, ಮಾಲು ಕೊಟ್ಟ ದಿನದಿಂದ ಮೂರು ವರ್ಷದೊಳಗೆ. ನಮಗೆ 2027ರ ನವೆಂಬರ್‌ವರೆಗೆ ಟೈಮಿದೆ. ಬಿ ರಿಪೋರ್ಟ್ ಗಲಾಟೆಯಲ್ಲಿ ಮುಳುಗಿ ಈ ಮೂರು ವರ್ಷ ಕಳೆದುಕೊಂಡವರು ಬಹಳ ಜನ ಅಂದರು. ಗುಮಾಸ್ತರು ಇದನ್ನೂ ಕೆಂಪು ಪೆನ್ನಲ್ಲಿ ಬರೆದುಕೊಂಡರು.

ಲಂಡನ್ನಲ್ಲಿರುವ ನನ್ನ ಫ್ರೆಂಡ್ ಒಬ್ಬನಿಗೆ ಇದೆಲ್ಲ ಹೇಳಿದಾಗ, ಅಲ್ಲಿ ಕೇಸು ಬೇಡ ಅಂತ ಪ್ರಾಸಿಕ್ಯೂಟರ್ ಆಫೀಸು ತೀರ್ಮಾನ ಮಾಡಿದರೆ, ಮತ್ತೊಮ್ಮೆ ನೋಡಿ ಅಂತ ನೊಂದವರು ಅದೇ ಆಫೀಸನ್ನು ಕೇಳಬಹುದು, 2013ರಿಂದ ಈ ಪದ್ಧತಿ ಇದೆ ಅಂದ. ಅಮೆರಿಕದಲ್ಲಿ ಅದೂ ಕಷ್ಟ. ಇನ್ನೊಬ್ಬರ ಮೇಲೆ ಕೇಸು ನಡೆಸಲೇಬೇಕು ಅಂತ ಕೇಳುವ ಹಕ್ಕು ಖಾಸಗಿ ವ್ಯಕ್ತಿಗೆ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಜಗಳೂರಿನ ರೈತ ಮ್ಯಾಜಿಸ್ಟ್ರೇಟ್ ಮುಂದೆ ನೇರವಾಗಿ ನಿಂತು ಪೊಲೀಸರು ಬರೆದಿದ್ದು ಸರಿಯಿಲ್ಲ ಅನ್ನಬಹುದು ಅನ್ನೋದು ನನಗೆ ಆಗ ಸ್ವಲ್ಪ ದೊಡ್ಡದಾಗಿ ಕಾಣಿಸಿತು. ಅಪ್ಪನಿಗೆ ಹೇಳಿದೆ. "ಅದಿರ್ಲಿ, ದುಡ್ಡು ಯಾವಾಗ?" ಅಂದ.

ಈಗ ಎಲ್ಲಿಗೆ ಬಂದಿದೆ ಅಂದರೆ, ಮೂರು ನಾಲ್ಕು ವಾಯಿದೆ ಆದ ಮೇಲೆ ಬಿ ರಿಪೋರ್ಟ್ ತಳ್ಳಿಹಾಕಿ ಆದೇಶ ಆಯಿತು. ಅಪ್ಪ ಹೇಳಿಕೆ ಕೊಟ್ಟ. ಬಿಳಿ ಪಂಚೆ ಉಟ್ಟು ಬೆಳಿಗ್ಗೆ ಆರಕ್ಕೇ ಬಸ್ ಹತ್ತಿದ್ದ, ಕರೆದಿದ್ದು ಮಧ್ಯಾಹ್ನ ಮೂರೂವರೆಗೆ. ಇಲ್ಲೂ ಬಿತ್ತನೆಯಿಂದಲೇ ಶುರು ಮಾಡಿದ. ಮೇಡಂ ಮೆಲ್ಲಗೆ, ಗೋದಾಮಿಂದ ಹೇಳಿ ಯಜಮಾನ್ರೇ ಅಂದರು. ಆ ವ್ಯಾಪಾರಿಗೆ ಹೋದ ನೋಟಿಸ್ "ವಿಳಾಸದಲ್ಲಿ ಇಲ್ಲ" ಅಂತ ವಾಪಸ್ ಬಂದಿದೆ. ಹೊಸ ವಿಳಾಸ ಹುಡುಕುವ ಕೆಲಸ ನನ್ನ ತಲೆಗೆ ಬಂದಿದೆ.

ಹೋಗುವವರಿಗೆ ಎರಡು ಮಾತು. ಎಲ್ಲರೂ ದುಡ್ಡು ಕೊಟ್ಟು ವಕೀಲರನ್ನು ಇಡಬೇಕಿಲ್ಲ. ದೂರು ಕೊಟ್ಟವರು ಹೆಣ್ಣುಮಕ್ಕಳಾಗಿದ್ದರೆ, ಪರಿಶಿಷ್ಟ ಜಾತಿ ಪಂಗಡದವರಾಗಿದ್ದರೆ, ಅಂಗವಿಕಲರಾಗಿದ್ದರೆ, ವರಮಾನ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೇಳಬಹುದು, 15100ಕ್ಕೆ ಫೋನ್ ಮಾಡಿ. ಇದನ್ನು ನಮಗೆ ಹೇಳಿದ್ದೂ ಫೀಸ್ ತಗೊಂಡ ಈ ಮೇಡಂ ಅವರೇ. ಜೋಳ ಅಮ್ಮನ ಹೆಸರಿನ ಹೊಲದ್ದಾ, ದೂರು ಅವರದ್ದಾ ಅಂತ ಮೊದಲ ದಿನವೇ ಕೇಳಿದ್ದರು. ನಮ್ಮದು ಅಪ್ಪನ ಹೆಸರಲ್ಲಿತ್ತು.

ಈ ಆಫೀಸಿಗೇ ಹೋಗುವವರು ಏಳು ಗಂಟೆ ಮೇಲೆ ಹೋಗಿ, ಆರಕ್ಕೆ ಹೋಗಿ ಬೆಂಚು ಕಾಯಬೇಡಿ. ಕೋರ್ಟ್ ಟೈಮಲ್ಲಿ ಫೋನ್ ಎತ್ತೋದಿಲ್ಲ, ಗುಮಾಸ್ತರಿಗೆ ಮಾಡಿ. ಮೆಟ್ಟಿಲು ಕಡಿದಾಗಿವೆ, ಲೈಟು ಕಡಿಮೆ, ವಯಸ್ಸಾದವರು ಜೊತೆಗಿದ್ದರೆ ಕೈ ಹಿಡಿದುಕೊಳ್ಳಿ.